ಮಾವ ನೋಡಿಕೊಂಡ ಹಸಿರುಮನೆ

ದರ್ಬೆಯ ನಮ್ಮ ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಆಚೆ, ಒಂದು ಹಸಿರುಮನೆ ಉಂಟು. ದೊಡ್ಡದೇನಲ್ಲ. ಪೈಪು ಬಗ್ಗಿಸಿ ಮೇಲೆ ಬಿಳಿ ಪ್ಲಾಸ್ಟಿಕ್ ಶೀಟು ಹೊದೆಸಿದ್ದು. ಇಬ್ಬರು ಒಳಗೆ ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಹೊರಗೆ ಬೀಜ ಹಾಕಿದರೆ ನವಿಲುಗಳು ಬಿಡುತ್ತಿರಲಿಲ್ಲ, ಅವು ಬಿಟ್ಟದ್ದು ಡಿಸೆಂಬರಿನ ಬೆಳಗಿನ ಚಳಿಗೆ ಸರಿಯಾಗಿ ಹುಟ್ಟುತ್ತಿರಲಿಲ್ಲ. ಹಾಗಾಗಿ ಗಂಡನ ಹತ್ತಿರ ಹಟ ಹಿಡಿದು ಮಾಡಿಸಿದೆ.

ಅದನ್ನು ಮಾಡಿಸಿದ ವರ್ಷದ ಮಳೆಗಾಲದಲ್ಲಿ ಮಾವನಿಗೆ ಪಾರ್ಶ್ವವಾಯು ಆಗಿತ್ತು. ಸುಳ್ಯದ ರೂಟಿನಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದವರ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಮಾತು ಹೋಗಿರಲಿಲ್ಲ, ಆದರೆ ಆಡುತ್ತಿರಲಿಲ್ಲ. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ಹಿಂದಿನ ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಊಟಕ್ಕೆ ಕರೆಯುವವರೆಗೂ ಹಾಗೆಯೇ ಇರುತ್ತಿದ್ದರು.

ಮೊದಲು ಟೊಮೆಟೊ, ದೊಣ್ಣೆಮೆಣಸು ಬಿತ್ತಿದೆ. ಚಳಿ ತಾಗಬಾರದೆಂದು ಸುತ್ತಲೂ ಪ್ಲಾಸ್ಟಿಕ್ ಬಿಗಿದು ಕಟ್ಟಿ, ದಿನಾ ಸಂಜೆ ನೀರು ಚಿಮುಕಿಸಿದೆ. ಮೊಳಕೆ ಚೆನ್ನಾಗಿಯೇ ಬಂತು. ವಾರ ಕಳೆಯುವುದರೊಳಗೆ ಒಂದೊಂದೇ ಸಸಿ ಬುಡ ಕೊಳೆತು ಅಡ್ಡ ಬಿತ್ತು. ಟ್ರೇ ಹಿಡಿದುಕೊಂಡು ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಮಳೆಗೆ ಬಸ್ಸಿನ ಟರ್ಪಾಲು ಎಲ್ಲ ಇಳಿಸಿದ್ರೆ ಒಳಗಿದ್ದವರಿಗೆ ಎಂತ ಆಗ್ತದೆ?" ಹಿಂದಿನಿಂದ ಮಾವ ಕೇಳಿದರು.

"ವಾಂತಿ ಬರ್ತದೆ," ಎಂದೆ.

"ಅದಕ್ಕೂ ಹಾಗೆಯೇ. ಬಿಸಿಲು ಬಂದ ಮೇಲೆ ಒಂದು ಬದಿ ಎತ್ತಿ ಕಟ್ಟು. ನೀರು ಬೆಳಿಗ್ಗೆ ಹಾಕು."

ಕಾಯಿಲೆಯಾದ ಮೇಲೆ ಅವರು ನನ್ನ ಹತ್ತಿರ ಅಷ್ಟು ಮಾತಾಡಿದ್ದು ಅದೇ ಮೊದಲು. ಮರುದಿನ ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯನ್ನು ಅವರ ಮುಂದೆ ಸ್ಟೂಲಿನ ಮೇಲಿಟ್ಟು, ತಟ್ಟೆಯಲ್ಲಿ ಬೀಜ ಹಾಕಿಕೊಟ್ಟೆ. ಎಡಗೈಯ ಬೆರಳಿಗೆ ಬೀಜ ಅಂಟಿಕೊಂಡಿತು.

"ಇದು ನನ್ನಿಂದ ಆಗುದಿಲ್ಲ."

"ನನಗೆ ಅಡುಗೆ ಉಂಟು ಮಾವ. ಆದಷ್ಟು ಹಾಕಿ," ಎಂದು ಒಳಗೆ ಹೋದೆ. ಬಂದು ನೋಡುವಾಗ ಟ್ರೇ ಮುಗಿದಿತ್ತು. ಕೆಲವು ಗುಳಿಗಳಲ್ಲಿ ಮೂರು ಬೀಜ, ಕೆಲವುಗಳಲ್ಲಿ ಒಂದೂ ಇಲ್ಲ. ನಾನು ಸರಿಮಾಡಲು ಹೋಗಲಿಲ್ಲ.

ಜನವರಿಯಲ್ಲಿ ಕೆದಂಬಾಡಿಯಲ್ಲಿ ಒಂದು ಮದುವೆ. ಗಂಡ ಕೆಲಸಕ್ಕೆಂದು ಕಡಬಕ್ಕೆ ಹೋಗಿದ್ದರು. ಮುಖ ತೋರಿಸಿ ಹತ್ತು ಗಂಟೆಯೊಳಗೆ ಬರುತ್ತೇನೆಂದು, ಇಬ್ಬನಿ ಇದ್ದ ಕಾರಣ ಶೀಟು ಎತ್ತದೆಯೇ ಹೊರಟೆ. ಊಟ ಮಾಡದೆ ಬಿಡಲಿಲ್ಲ, ಬಸ್ಸೂ ತಪ್ಪಿತು. ಸುಡುಬಿಸಿಲು. ರಿಕ್ಷಾದಲ್ಲಿ ಬರುವಾಗ ನನಗೆ ಸಸಿಗಳದ್ದೇ ಯೋಚನೆ; ಮಾವನದ್ದಲ್ಲ.

ಮನೆಗೆ ಬಂದರೆ ಕುರ್ಚಿ ಖಾಲಿ. ಊರುಗೋಲು ಅದರ ಪಕ್ಕದಲ್ಲೇ ಇತ್ತು. ಹಿಂದೆ ಓಡಿದೆ. ಮಾವ ಹಸಿರುಮನೆಯ ಬಾಗಿಲಲ್ಲಿ ಪೈಪು ಹಿಡಿದು ನಿಂತಿದ್ದರು. ಉಟ್ಟ ಮುಂಡಿನ ಹಿಂಬದಿಯೆಲ್ಲ ಮಣ್ಣು; ಮೆಟ್ಟಿಲ ಮೇಲೆ ಕೂತು ಕೂತು ಇಳಿದಿದ್ದರು. ಹಗ್ಗದ ಗಂಟನ್ನು ಹಲ್ಲಿನಿಂದ ಬಿಡಿಸಿ, ಶೀಟನ್ನು ಸುತ್ತಿ ಮೇಲಿನ ಪೈಪಿಗೆ ಸಿಕ್ಕಿಸಿದ್ದರು.

"ಬಿದ್ದಿದ್ರೆ ಎಂತ ಮಾಡುದು ಮಾವ?" ನನ್ನ ಧ್ವನಿ ಏರಿತ್ತು.

"ಬೀಳ್ಲಿಲ್ಲ ಅಲ್ವಾ. ಒಳಗೆ ಎಲ್ಲ ಬೆವರಿ ಹೋಗಿತ್ತು. ನೀನು ಬರುದು ಕಾಣ್ಲಿಲ್ಲ." ಮೆಟ್ಟಿಲ ಕಡೆ ನೋಡಿ, "ಇಳಿದಾಯ್ತು. ಹತ್ತುದು ಹೇಗೆ ಅಂತ ಗೊತ್ತಾಗ್ಲಿಲ್ಲ, ಇಲ್ಲೇ ನಿಂತೆ," ಎಂದರು.

ನನಗೆ ನಗು ಬಂತು. ಅವರೂ ನಕ್ಕರು. ಸಸಿಗಳು ಎಲೆ ಬಾಡಿಸಿಕೊಂಡಿದ್ದವು ಅಷ್ಟೆ, ಸಂಜೆಗೆ ಎದ್ದು ನಿಂತವು.

ಆ ಭಾನುವಾರ ಗಂಡ ಮೆಟ್ಟಿಲ ಬದಿಗೆ ಒಂದು ಕಂಬಿ ಹಾಕಿಸಿದರು. ಬೆಳಿಗ್ಗೆ ಶೀಟು ಎತ್ತುವುದು, ಸಂಜೆ ಇಳಿಸುವುದು ಮಾವನ ಕೆಲಸವಾಯಿತು. ಬಲಗೈ ಪೂರ್ತಿ ಸರಿಯಾಗಲಿಲ್ಲ. ಎಡಗೈಯಲ್ಲಿ ಮಣ್ಣು ತುಂಬುವಾಗ ಸಸಿಯ ಪ್ಲಾಸ್ಟಿಕ್ ತೊಟ್ಟೆಯ ಬಾಯಿ ಹಿಡಿದುಕೊಳ್ಳುವಷ್ಟು ಬಂದಿದೆ.

ಸಸಿ ಒಯ್ಯಲು ಪೆರಾಬೆಯಿಂದ ಬಂದ ನನ್ನ ಅಕ್ಕನನ್ನು ಅವರು ಬಿಸಿಲಲ್ಲೇ ನಿಲ್ಲಿಸಿ, ನೆಡುವುದು ಹೇಗೆಂದು ಅರ್ಧ ಗಂಟೆ ಹೇಳಿದರು. "ನಿನ್ನ ಮಾವ ಇಷ್ಟು ಮಾತಾಡ್ತಾರೆ ಅಂತ ಗೊತ್ತಿರ್ಲಿಲ್ಲ," ಎಂದು ಅಕ್ಕ ಹೊರಡುವಾಗ ಮೆಲ್ಲಗೆ ಹೇಳಿದಳು.

ಈ ಚಳಿಗಾಲ ಹೂಕೋಸು ಹಾಕುವ ಎಂದು ಮಾವನೇ ಹೇಳಿದ್ದಾರೆ. ನಮ್ಮ ಸೆಕೆಗೆ ಅದು ಹೂ ಕಟ್ಟುವುದು ಸಂಶಯ. ಆದರೂ ಬೀಜ ತಂದುಕೊಟ್ಟಿದ್ದೇನೆ.