ಬೆಕ್ಕು ಬರಲಿಲ್ಲವೆಂದು ನಾನು ಸಾಧಿಸಿದ್ದು

ಸರೋಜಕ್ಕನ ಅಳು ನಿಲ್ಲಿಸಿದವನು ನಾನು ಎನ್ನುತ್ತಾರೆ ನಮ್ಮ ಮನೆಯವರು. ಮದುವೆಯಿರಲಿ, ತಿಥಿಯಿರಲಿ, ಇದೇ ಮಾತು — ಹದಿನಾರರ ಹುಡುಗ ಒಂದು ಮಧ್ಯಾಹ್ನ ಕೂತು ಮಾತಾಡಿಸಿದ, ಅವಳು ಸರಿಹೋದಳು, ಇವನು ಮನಶ್ಶಾಸ್ತ್ರಜ್ಞ ಆಗುತ್ತಾನೆಂದು ಅವತ್ತೇ ಗೊತ್ತಿತ್ತು. ಪುರಾವೆ? ಅಳು ನಿಂತಿತು, ಅಷ್ಟೆ. ಅಳು ನಿಂತರೆ ದುಃಖ ವಾಸಿಯಾಯಿತೆಂದು ಯಾವ ತರ್ಕ ಹೇಳುತ್ತದೆ? ನಾನು ಅವಳನ್ನು ಗುಣಪಡಿಸಲಿಲ್ಲ, ಬಾಯಿ ಮುಚ್ಚಿಸಿದೆ. ಅದು ಗೊತ್ತಿದ್ದೂ ಇಷ್ಟು ವರ್ಷ ಹೊಗಳಿಸಿಕೊಂಡೆ.

ಸರೋಜಕ್ಕ, ದೊಡ್ಡಪ್ಪನ ಮಗಳಾದರೂ ನನ್ನನ್ನು ಸೊಂಟದ ಮೇಲೆ ಎತ್ತಿ ಆಡಿಸಿದವಳು ನೀನು. ಇದನ್ನು ನಿನಗೇ ಬರೆಯುತ್ತಿದ್ದೇನೆ.

ಚಿಕ್ಕಬಳ್ಳಾಪುರದ ಹೈಸ್ಕೂಲಿನಿಂದ ರಜೆ ಸಿಕ್ಕ ಕೂಡಲೇ ನಾನು ಹತ್ತುತ್ತಿದ್ದುದು ಶಿಡ್ಲಘಟ್ಟದ ಚಿಕ್ಕ ರೈಲು. ಊರು ಹತ್ತಿರವಾದಂತೆ ರೇಷ್ಮೆಗೂಡು ಬೇಯಿಸುವ ವಾಸನೆ. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನನಗೆ ಅದೇ ರಜೆಯ ವಾಸನೆ. ನಿಮ್ಮ ರೇಷ್ಮೆಹುಳದ ಮನೆಯಲ್ಲಿ, ಸಾವಿರಾರು ಹುಳು ಒಟ್ಟಿಗೆ ಸೊಪ್ಪು ಮೇಯುವಾಗ ತುಂತುರು ಮಳೆಯಂಥ ಸದ್ದು. ನಿನ್ನ ಐದು ವರ್ಷದ ಪದ್ಮ ಹುಳುವಿನ ತಟ್ಟೆಗೆ ಕಿವಿಯಿಟ್ಟು ಕೂತುಬಿಡುತ್ತಿದ್ದಳು.

ಒಂದು ಚಳಿಗಾಲ, ಹುಳುಗಳಿಗೆ ಶಾಖವಿರಲೆಂದು ಇಟ್ಟಿದ್ದ ಕೆಂಡದ ಕುಂಪಟಿಯಿಂದ ಬಿದಿರು ತಟ್ಟೆಗಳಿಗೆ ಬೆಂಕಿ ಹತ್ತಿತು. ಪದ್ಮ ಒಳಗಿದ್ದಳು.

ಮನೆಗೆ ಯಾರೇ ಬರಲಿ, ನೀನು ಹೇಳುತ್ತಿದ್ದೆ, ಅಳುತ್ತಿದ್ದೆ. “ಕೆಂಪು ಲಂಗ ಹಾಕ್ಕೊಂಡಿದ್ಳು. ತಟ್ಟೆಗೆ ಕಿವಿ ಇಟ್ಟಿದ್ಳು. ಬೆಕ್ಕು ಬಂತು ಕಣಮ್ಮ, ಕುಂಪಟಿ ಒದ್ದು ಓಡೋಯ್ತು.” ಎಲ್ಲರೂ “ಹೌದಮ್ಮ, ಹಾಳಾದ ಬೆಕ್ಕು” ಎನ್ನುತ್ತಿದ್ದರು. ಭಾವನೂ ಅಷ್ಟೇ. ಅವರಿಗೆಲ್ಲ ತರ್ಕ ಬರುವುದಿಲ್ಲ ಎಂದುಕೊಂಡಿದ್ದೆ — ಕರುಣೆಯನ್ನು ದಡ್ಡತನವೆಂದು ತಿಳಿದ ನನಗೆ ಏನು ಬರುತ್ತಿತ್ತೋ.

ಮುಂದಿನ ಬೇಸಿಗೆ ಚರ್ಚಾಸ್ಪರ್ಧೆಯ ಕಪ್ ಗೆದ್ದು ಬಂದಿದ್ದೆ. “ಲಾಯರಪ್ಪ ಬಂದ ನೋಡೇ,” ಎಂದರು ದೊಡ್ಡಮ್ಮ. “ಇಲ್ಲೂ ಭಾಷಣ ಬಿಗೀಬೇಡ ಕಣೋ, ಮೊದ್ಲು ಮುದ್ದೆ ನುಂಗು.” ಊಟವಾಯಿತು. ನೀನು ಜಗಲಿಯಲ್ಲಿ ಸೊಪ್ಪು ಹೆಚ್ಚುತ್ತಾ ಮತ್ತೆ ಶುರುಮಾಡಿದೆ. ಬೆಕ್ಕಿನ ಹತ್ತಿರ ಬರುತ್ತಲೇ ನಾನು ತಡೆದೆ.

“ಹುಳದ ಮನೆ ಬಾಗ್ಲು ತೆಗೆದಿಟ್ರೆ ನಂಗೆ ಬೈತಿದ್ದೋಳು ನೀನೇ. ಕಿಟಕಿಗೆ ಬಲೆ ಇತ್ತು. ಬೆಕ್ಕು ಎಲ್ಲಿಂದ ಬಂತಕ್ಕ?”

ನಿನ್ನ ಕತ್ತಿ ನಿಂತಿತು. ನಿಲ್ಲಿಸಬಹುದಿತ್ತು ನಾನು. ನಿಲ್ಲಿಸಲಿಲ್ಲ. “ಹೇಳು, ಎಲ್ಲಿಂದ?”

“ನೀನ್ ಹೇಳೋದು ಸರಿ ಕಣಪ್ಪ. ಬೆಕ್ಕು ಬರ್ಲಿಲ್ಲ. ಕುಂಪಟಿ ತಟ್ಟೆ ಪಕ್ಕಕ್ಕೆ ಇಟ್ಟೋಳು ನಾನೇ.”

ಆ ಕ್ಷಣ ನನಗೇನನ್ನಿಸಿತು ಗೊತ್ತೇ? ಗೆದ್ದೆ — ಅನ್ನಿಸಿತು. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಮುಂದಿನ ರಜೆಗೆ ಬಂದಾಗ ದೊಡ್ಡಮ್ಮ, “ಈಗ ಅಳಲ್ಲ ಕಣೋ, ನಿನ್ನ ಮಾತಿಂದ ಸರಿಹೋದ್ಳು” ಎಂದರು. ನಾಲ್ಕು ದಿನ ಇದ್ದೆ. ಕೆಂಪು ಲಂಗದ ಮಾತಿಲ್ಲ, ತಟ್ಟೆಗೆ ಕಿವಿಯಿಟ್ಟವಳ ಮಾತಿಲ್ಲ. ಆಗ ತಿಳಿಯಿತು — ಪದ್ಮ ಆ ಬೆಕ್ಕಿನ ಕಥೆಯೊಳಗೇ ಬದುಕಿದ್ದಳು. ಕಥೆ ಸುಳ್ಳೆಂದು ಸಾಧಿಸಿ ಮಗುವನ್ನೂ ಕಿತ್ತುಕೊಂಡಿದ್ದೆ. ತಿಳಿದೂ, ಬೆಂಗಳೂರಿನಲ್ಲಿ ಮನಶ್ಶಾಸ್ತ್ರ ಓದಲು ಸೇರುವಾಗ, ಸಂದರ್ಶನದಲ್ಲಿ ಇದನ್ನೇ ನನ್ನ ಮೊದಲ ಯಶಸ್ಸೆಂದು ಹೇಳಿದೆ. ಅವರು ತಲೆದೂಗಿದರು. ಸೀಟು ಸಿಕ್ಕಿತು.

ಈಗ ದುಃಖ ಹೊತ್ತವರು ನನ್ನ ಹತ್ತಿರ ಬರುತ್ತಾರೆ. ಚಿಂತಾಮಣಿಯವರೊಬ್ಬರು, ಬಸ್ಸು ಉರುಳಿ ಅಣ್ಣನನ್ನು ಕಳೆದುಕೊಂಡವರು, ಅಣ್ಣ ಕೊನೆಗೆ ತನ್ನ ಕೈ ಹಿಡಿದಿದ್ದ ಎನ್ನುತ್ತಾರೆ. ಅಣ್ಣ ಕೂತಿದ್ದುದು ಮುಂದಿನ ಸೀಟಿನಲ್ಲಿ, ಇವರು ಹಿಂದೆ. ನಾನು ಅದನ್ನು ಕೆದಕುವುದಿಲ್ಲ. “ಆಮೇಲೆ?” ಎನ್ನುತ್ತೇನೆ. ಅಣ್ಣನ ಬಗ್ಗೆ ಹೇಳಲು ಬಿಡುತ್ತೇನೆ. ನಿಜ ಅವರಿಗೆ ಗೊತ್ತಿದೆ. ಬೇಕಾದ ದಿನ ಅವರೇ ಅದನ್ನು ಎತ್ತಿಕೊಳ್ಳುತ್ತಾರೆ. ಈ ಕ್ರಮ ಎಲ್ಲಿ ಕಲಿತೆ ಎಂದು ಜೊತೆಯವರು ಕೇಳಿದರೆ ಗುರುಗಳ ಹೆಸರು ಹೇಳುತ್ತೇನೆ. ಅದೂ ಸುಳ್ಳು.

ಹದಿನಾರು ವರ್ಷ ಎಂಬುದು ಸಮರ್ಥನೆಯಲ್ಲ. ಪ್ರಶ್ನೆ ಎಲ್ಲಿ ತಾಗುತ್ತದೆಂದು ಗೊತ್ತಿದ್ದೇ ಕೇಳಿದ್ದೆ. ಭಾನುವಾರ ಶಿಡ್ಲಘಟ್ಟಕ್ಕೆ ಬರುತ್ತೇನೆ, ದೊಡ್ಡಮ್ಮನ ಮುಂದೆಯೇ ಇದನ್ನೆಲ್ಲ ಹೇಳುತ್ತೇನೆ. ಕ್ಷಮಿಸು ಎನ್ನುವುದಿಲ್ಲ, ಅದೂ ಒಂದು ಒತ್ತಾಯವೇ.

ಒಂದೇ ಕೇಳಬೇಕು, ಉತ್ತರಿಸದಿದ್ದರೂ ಸರಿ — ಆ ಮಧ್ಯಾಹ್ನದ ನಂತರ, ಸರೋಜಕ್ಕ, ಪದ್ಮನ ಹೆಸರನ್ನು ಯಾರ ಹತ್ತಿರವಾದರೂ ಎತ್ತಿದ್ದೀಯಾ?