ಚರ್ಚಿಗೆ ಸುತ್ತು ದಾರಿ

ಮೊನ್ನೆ ಕಾರು ಒರೆಸುವಾಗ ಹಿಂದಿನ ಸೀಟಿನಿಂದ ಷೋರೂಮಿನ ವಾಸನೆ ಬಂತು. ಕಾರು ಕೊಂಡು ವರ್ಷವಾಗುತ್ತ ಬಂದರೂ ಅಲ್ಲಿ ಯಾರೂ ಕೂತೇ ಇಲ್ಲ.

ಅದಕ್ಕೆ ಮೊದಲು ನಾನು ಪ್ರತಿ ಶುಕ್ರವಾರ, ಇಲ್ಲಿ ಗಲ್ಫಿನಲ್ಲಿ ವಾರದ ರಜೆಯ ದಿನ, ಜೂಲಿ ಆಂಟಿಯ ಹಳೆಯ ಕಾರಿನಲ್ಲಿ ಚರ್ಚಿಗೆ ಹೋಗುತ್ತಿದ್ದೆ. ಆಂಟಿ ಉಡುಪಿ ಕಡೆಯವರು. ಅಲ್ ಮನ್ಸೂರಾ ಬಡಾವಣೆಯಲ್ಲಿ ನಮ್ಮಿಬ್ಬರದೂ ಒಂದೇ ಕಟ್ಟಡ. ನನ್ನನ್ನು ಕೂರಿಸಿಕೊಂಡು ಅಲ್ ಸದ್ದ್ ಕಡೆ ಸುತ್ತಿ ಇನ್ನೂ ಮೂವರನ್ನು ಹತ್ತಿಸಿಕೊಳ್ಳುತ್ತಿದ್ದರು. ಜಪಮಾಲೆಗೆ ಐದು ಭಾಗ, ಕಾರಿನಲ್ಲಿ ಐದು ಜನ. ಒಬ್ಬೊಬ್ಬರದು ಒಂದೊಂದು ಭಾಗ; ಪ್ರತಿ ಪ್ರಾರ್ಥನೆಯ ಮೊದಲರ್ಧ ಅವರು ಹೇಳಿದರೆ ಉಳಿದರ್ಧ ಮಿಕ್ಕವರು. ನಾಲ್ಕು ಭಾಗ ಕೊಂಕಣಿಯಲ್ಲಿ. ಕೊನೆಯದು, ಮೈಸೂರಿನವಳಾದ ನನ್ನ ಪಾಲಿನದು, ಕನ್ನಡದಲ್ಲಿ. ಯಾರಾದರೂ ಅಡ್ಡ ನುಗ್ಗಿದರೆ ಆಂಟಿ ಪ್ರಾರ್ಥನೆಯ ನಡುವೆಯೇ "ಯಲ್ಲಾ ಹೋಗು ಮಾರಾಯ, ನಿನ್ನ ಅಪ್ಪನದ್ದೇ ರಸ್ತೆ!" ಎಂದು ಹರಸಿ, ಬಿಟ್ಟಲ್ಲಿಂದ ಮುಂದುವರಿಸುವರು. ಜಪ ಮುಗಿದ ಕೂಡಲೇ ನನ್ನ ಮದುವೆಯ ವಿಚಾರ. ನೀವು ನಗಬಹುದು, ನಾನು ಲೈಸೆನ್ಸ್ ಮಾಡಿಸಿ ಕಾರು ಕೊಂಡದ್ದು ಅರ್ಧ ಅದಕ್ಕೇ. ಆಮೇಲೆ ಅಲ್ ಗರಾಫಾದಲ್ಲಿ, ಯಾರ ಪರಿಚಯವೂ ಇಲ್ಲದ ಕಡೆ, ಮನೆ ಮಾಡಿದೆ.

ಕಾಲೇಜಿನಲ್ಲಿ ಅಮೆರಿಕದ ಹಳ್ಳಿಗಳಿಗೆ ಕಾರು ಬಂದ ಕತೆ ಓದಿದ್ದೆ. ರೈತರ ಮನೆಯ ಹೆಂಗಸರು ಯಾರನ್ನೂ ಕಾಯದೆ ಪೇಟೆಗೆ ಹೋಗುವಂತಾಯಿತು. ಹತ್ತಿರದ ಪುಟ್ಟ ಚರ್ಚು, ಅಂಗಡಿಗಳು ಖಾಲಿಯಾದವು. ಪರೀಕ್ಷೆಯಲ್ಲಿ ಲಾಭ ಒಂದು ಕಡೆ, ನಷ್ಟ ಒಂದು ಕಡೆ ಬರೆದು ಕೆಳಗೆ ಗೆರೆ ಎಳೆದಿದ್ದೆ. ಸ್ಟೀರಿಂಗ್ ಹಿಡಿದ ಆ ಹೆಂಗಸರ ಖುಷಿ ಎಂಥದೆಂದು ಈಗ ಗೊತ್ತು. ಗೊತ್ತಿಲ್ಲದ್ದು ಒಂದೇ: ನನ್ನ ಕನ್ನಡದ ಭಾಗವನ್ನು ಈಗ ಯಾರು ಹೇಳುತ್ತಾರೆ?

ಕಳೆದ ವಾರ ಪೂಜೆ ಮುಗಿದ ಮೇಲೆ ಆಂಟಿಯನ್ನೇ ಕೇಳಿದೆ.

"ಯಾರಿದ್ದಾರೆ ಮಾರಾಯ್ತಿ? ಎಲ್ಲರೂ ಕಾರು ತೆಗೊಂಡಿದ್ದಾರೆ. ಮೊದಲು ನಿಮ್ಮನ್ನೆಲ್ಲ ಹತ್ತಿಸ್ಲಿಕ್ಕೆ ಸುತ್ತುದಿತ್ತಲ್ಲ, ಐದೂ ಮುಗೀತಿತ್ತು. ಈಗ ಸೀದಾ ಬರುದು. ಎರಡು ಭಾಗ ಆಗುವಾಗ ಚರ್ಚು ಬರ್ತದೆ, ಖಲಾಸ್."

"ಉಳಿದದ್ದು ಪಾರ್ಕಿಂಗಲ್ಲಿ ಕೂತು ಹೇಳ್ಬಹುದಲ್ಲ ಆಂಟಿ?"

"ಅರ್ಧ ನಾನು ಹೇಳಿದ್ರೆ ಉಳಿದರ್ಧ ಯಾರು ಹೇಳುದು, ಎಸಿಯಾ?"

ನಕ್ಕರು. ಆಮೇಲೆ ಬ್ಯಾಗಿನೊಳಗೆ ಕೀಲಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹುಡುಕಿದರು.

ಈ ಶುಕ್ರವಾರ ನಾನು ಗರಾಫಾದಿಂದ ಮನ್ಸೂರಾಕ್ಕೆ ಹೋಗಿ ಅವರನ್ನು ಹತ್ತಿಸಿಕೊಂಡೆ. ಬೆಲ್ಟ್ ಹಾಕುವ ಮೊದಲೇ ಕೇಳಿದರು: "ಹುಡುಗ ಯಾರಾದ್ರೂ ಸಿಕ್ಕಿದನಾ?"

"ಇಲ್ಲ ಆಂಟಿ."

"ಸರಿ, ಸುರು ಮಾಡುವ."

ಅವರು ಕೊಂಕಣಿಯಲ್ಲಿ ಒಂದು ಭಾಗ ಹೇಳಿದರು, ನಾನು ಕನ್ನಡದಲ್ಲಿ ಒಂದು. ಅಷ್ಟರಲ್ಲಿ ಚರ್ಚಿನ ಗೇಟು ಕಾಣಿಸಿತು. ನಾನು ಇಂಡಿಕೇಟರ್ ಹಾಕದೆ ಮುಂದೆ ಹೋದೆ. ಆಂಟಿ ತಿರುಗಿ ಗೇಟನ್ನು ನೋಡಿದರು, ನನ್ನನ್ನು ನೋಡಿದರು, ಮೂರನೆಯದನ್ನು ಶುರು ಮಾಡಿದರು.