ಎಡ ಪೆಡಲಿನ ಟಕ್ ಟಕ್

ದೆಹಲಿಯಲ್ಲಿ ಸೈಕಲ್ಲಿನ ಗಂಟೆ ಎಂಬುದು ಇಲ್ಲಿನ ಮದುಮಗನ ಸೊಂಟದ ಕತ್ತಿಯಿದ್ದಂತೆ. ಅಲಂಕಾರಕ್ಕೆ ಸರಿ, ಪ್ರಯೋಗಕ್ಕಲ್ಲ. ಬಸ್ಸು, ಆಟೋ, ಸರ್ಕಾರಿ ಕಾರುಗಳೆಲ್ಲ ಏಕಕಂಠದಿಂದ ಹಾರ್ನ್ ಮೊಳಗಿಸುವ ರಸ್ತೆಯಲ್ಲಿ ಅದನ್ನು ಶ್ರದ್ಧೆಯಿಂದ ಟ್ರಿಣ್‌ಗುಟ್ಟಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ನನ್ನ ಸೈಕಲ್ಲಿಗಂತೂ ಗಂಟೆಯ ಹಂಗೇ ಇರಲಿಲ್ಲ. ಕಳೆದ ಚಳಿಗಾಲದಿಂದ ಅದು ಪ್ರತಿ ಸುತ್ತಿಗೂ ನನ್ನ ಎಡಗಾಲಿನ ಬಳಿ 'ಟಕ್' ಎಂದು ತನ್ನ ಆಗಮನವನ್ನು ತಾನೇ ಘೋಷಿಸಿಕೊಳ್ಳುತ್ತಿತ್ತು.

ಈ ಸದ್ದಿನ ಮೂಲ ಕ್ರ್ಯಾಂಕು. ಅಂದರೆ ಪೆಡಲನ್ನು ನಡುವಿನ ಅಚ್ಚಿಗೆ ಸೇರಿಸುವ, ಗೇಣುದ್ದದ ಉಕ್ಕಿನ ತೋಳು. ಅದನ್ನು ಅಚ್ಚಿಗೆ ಕಚ್ಚಿಸಿ ಹಿಡಿದಿರುವುದು ಕಿರುಬೆರಳಿಗಿಂತ ಚಿಕ್ಕದಾದ ಒಂದು ಪಿನ್ನು. ಸರ್ಕಾರದ ಕುರ್ಚಿಯಲ್ಲಿ ಕುಳಿತೇ ನಾನು ಸಂಪಾದಿಸಿದ ಭವ್ಯ ಉದರದ ಸಮಸ್ತ ಭಾರವೂ ಇಷ್ಟು ಕ್ಷುದ್ರ ವಸ್ತುವಿನ ಮೇಲೆ ನಿಂತಿದೆಯೆಂದು ತಿಳಿದ ದಿನ ನನ್ನ ಆತ್ಮಗೌರವಕ್ಕೆ ಸ್ವಲ್ಪ ಪೆಟ್ಟಾಯಿತು.

ಮುನಿರ್ಕಾದ ಗಲ್ಲಿಯ ತುದಿಯಲ್ಲಿ ಒಬ್ಬ ಸೈಕಲ್ ಮಿಸ್ತ್ರಿಯಿದ್ದಾನೆ. ರೋಗಿಯ ಮುಖ ನೋಡದೆ ಔಷಧಿ ಬರೆಯುವ ವೈದ್ಯರ ಪಂಥದವನು. ನಾನು ಸೈಕಲ್ ನಿಲ್ಲಿಸುವ ಮೊದಲೇ ಅವನ ಕೈಯಲ್ಲಿ ಸುತ್ತಿಗೆ ಇರುತ್ತಿತ್ತು. ಹಳೆಯ ಪಿನ್ನು ಕಿತ್ತು, ಹೊಸದನ್ನು ಬಡಿದು, "ಪಕ್ಕಾ ಹೋ ಗಯಾ, ಸಾಬ್" ಎನ್ನುತ್ತಿದ್ದ. ಆ ಪಕ್ಕಾತನದ ಆಯುಷ್ಯ ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸ್ ತಲುಪುವವರೆಗೆ ಉಳಿದರೆ ಅದೇ ಹೆಚ್ಚು. ಇನ್ನು ನಮ್ಮ ಕೆಳಗಿನ ಮನೆಯ ಶರ್ಮಾಜಿ. ಜನ್ಮದಲ್ಲಿ ಸೈಕಲ್ ಹತ್ತಿದವರಲ್ಲ. ಆದ್ದರಿಂದಲೇ ಆ ವಿಷಯದಲ್ಲಿ ಅವರ ಅಭಿಪ್ರಾಯಗಳು ಬಹಳ ಗಟ್ಟಿ. ತಂಪು ಪಾನೀಯದ ಡಬ್ಬಿಯ ತಗಡನ್ನು ಕತ್ತರಿಸಿ ಸಂದಿಗೆ ತುರುಕಬೇಕೆಂದು ವಿಧಿಸಿ, "ಅರೇ ರಾವ್ ಸಾಬ್, ಹೋ ಜಾಯೇಗಾ" ಎಂದು ಅಭಯಹಸ್ತ ತೋರಿದರು. ತುರುಕಿದೆ. ಆಗಲಿಲ್ಲ.

ಈ 'ಹೋ ಜಾಯೇಗಾ' ಇದೆಯಲ್ಲ, ಆಗಿಬಿಡುತ್ತದೆ ಬಿಡಿ ಎಂಬ ಈ ಮಹಾಮಂತ್ರದ ಮೇಲೆಯೇ ರಾಜಧಾನಿಯ ಅರ್ಧಭಾಗ ನಿಂತಿದೆ. ಉಳಿದರ್ಧ ಅದೇ ಮಂತ್ರದ ಫಲವಾಗಿ ಕುಸಿದು ದುರಸ್ತಿಯಲ್ಲಿದೆ. ಅಗೆದ ಗುಂಡಿಗೆ ಹಲಗೆ, ಹಲಗೆ ಮುರಿದರೆ ಕಲ್ಲು, ಕಲ್ಲು ಜಾರಿದರೆ ಪಕ್ಕದಲ್ಲಿ ಇನ್ನೊಂದು ಗುಂಡಿ. ಹಾಗೆಂದು ನಾನೇನು ಋಷಿಯಲ್ಲ. ಕಚೇರಿಯಲ್ಲಿ 'ಮುಂದಿನ ಆದೇಶದವರೆಗೆ' ಎಂಬ ಒಕ್ಕಣೆಯಡಿ ನಾನು ಹಾಕಿದ ತಾತ್ಕಾಲಿಕ ಸಹಿಗಳು ಎಷ್ಟೋ ಮಂದಿಯ ನಿವೃತ್ತಿಯನ್ನೂ ದಾಟಿ ಚಿರಂಜೀವಿಗಳಾಗಿವೆ.

ಆದರೂ ಸೈಕಲ್ ಬಿಡುವ ಮನಸ್ಸಿರಲಿಲ್ಲ. ಮನೆಗೂ ಕಚೇರಿಗೂ ನಡುವಿನ ಆ ಹೊತ್ತಿನಲ್ಲಿ ಮಾತ್ರ ನನ್ನನ್ನು ಯಾರೂ ಏನನ್ನೂ ಕೇಳುವುದಿಲ್ಲ. ಮೆಟ್ರೋದಲ್ಲಿ ಪರರ ಮೊಣಕೈಗಳ ನಡುವೆ ಅಂಥ ಸುಖ ಎಲ್ಲಿಂದ ಬರಬೇಕು?

ಹೀಗಿರಲು, ಒಂದು ಸಂಜೆ ರಿಂಗ್ ರೋಡಿನ ತಿರುವಿನಲ್ಲಿ ನನ್ನ ಎಡಗಾಲು ಕ್ರ್ಯಾಂಕಿನ ಸಮೇತ ನೆಲಕ್ಕಿಳಿಯಿತು. ಹಿಂದಿದ್ದ ಬಸ್ಸು ಕಿರುಚಿಕೊಂಡು ನಿಂತಿತು. ಡ್ರೈವರು ತಲೆ ಹೊರಹಾಕಿ, "ಅಂಕಲ್, ಘರ್ ಪೇ ಮನ್ ನಹೀಂ ಲಗತಾ ಕ್ಯಾ?" ಎಂದು, ಮನೆಯಲ್ಲಿ ನನಗೆ ಬೇಸರವೇನೋ ಎಂಬಂತೆ, ವಿಚಾರಿಸಿದ. ಕ್ರ್ಯಾಂಕನ್ನು ಬಗಲಲ್ಲಿಟ್ಟುಕೊಂಡು, ಸೈಕಲ್ ತಳ್ಳಿಕೊಂಡು ಮನೆ ಸೇರಿದೆ. ನನ್ನ ಹೆಂಡತಿ ವಸುಧಾ ನನ್ನನ್ನು ನೋಡಿದಳು, ಕ್ರ್ಯಾಂಕನ್ನು ನೋಡಿದಳು.

"ಇನ್ನೊಂದ್ಸಲ ಇದು ಹೀಗೆ ಕೈಗೆ ಬಂದ್ರೆ ಗುಜರಿ ಕೊಳ್ಳೋ ಕಬಾಡಿ ಭಯ್ಯಾನ ಕರೆದು ಸೈಕಲ್ಲನ್ನ ತೂಕಕ್ಕೆ ಹಾಕ್ಬಿಡ್ತೀನಿ ರೀ. ನಿಮ್ಮನ್ನೂ ಸೇರ್ಸಿ!"

ಮಾತು ಜೋರಾಗಿತ್ತು, ಆದರೆ ನೀರಿನ ಲೋಟ ಕೊಟ್ಟವಳು ನನ್ನ ಎಡಗಾಲನ್ನು ಎರಡೆರಡು ಸಲ ಮುಟ್ಟಿ ನೋಡಿದಳು. ನನಗೂ ಹೆದರಿಕೆಯಾಗಿತ್ತು.

ಭಾನುವಾರ ಬಾಲ್ಕನಿಯಲ್ಲಿ ಹಳೆಯ ಪತ್ರಿಕೆ ಹಾಸಿ ಕುಳಿತು, ಕ್ರ್ಯಾಂಕಿನ ಜಿಡ್ಡು ಒರೆಸಿ ನೋಡಿದೆ. ಪಿನ್ನು ಕೂರುವ ದುಂಡನೆಯ ತೂತು ಸವೆದು ಸವೆದು ಕೋಳಿಮೊಟ್ಟೆಯ ಆಕಾರಕ್ಕೆ ತಿರುಗಿತ್ತು. ಸಡಿಲವಾದದ್ದನ್ನೇ ತುಳಿದದ್ದರಿಂದ ತೂತು ಅಗಲವಾಗಿ, ಅಗಲವಾದ ತೂತಿಗೆ ಹೊಸ ಪಿನ್ನು ಹೊಡೆಸಿ, ಮತ್ತೆ ತುಳಿದು, ಅದನ್ನು ಇನ್ನಷ್ಟು ಹಿರಿದು ಮಾಡುತ್ತ ಬಂದಿದ್ದೆವು. ಬದಲಾಯಿಸಬೇಕಾದದ್ದು ಪಿನ್ನನ್ನಲ್ಲ, ಕ್ರ್ಯಾಂಕನ್ನೇ. ಇದನ್ನು ಕಾಣಲು ಪಾಂಡಿತ್ಯ ಬೇಕಿರಲಿಲ್ಲ, ಒಂದು ಚಿಂದಿ ಬಟ್ಟೆ ಸಾಕಿತ್ತು. ಮಿಸ್ತ್ರಿ, ಶರ್ಮಾಜಿ, ನಾನು, ಮೂವರೂ ಬಡಿದೆವು, ತುರುಕಿದೆವು, ತುಳಿದೆವು. ನೋಡುವ ಕೆಲಸವೊಂದನ್ನು ಯಾರೂ ಮಾಡಿರಲಿಲ್ಲ. ಹೊಸ ಕ್ರ್ಯಾಂಕು ತಂದು, ಮಿಸ್ತ್ರಿಯ ತಲೆಯ ಮೇಲೆ ನಿಂತು ಹಾಕಿಸಿದೆ. ಸೈಕಲ್ಲು ಮೌನವ್ರತ ಹಿಡಿಯಿತು.

ಸೋಮವಾರ ಸಂಜೆ ದೆಹಲಿಯ ಆ ಸುಪ್ರಸಿದ್ಧ ಹೊಗೆ ಕವಿದಿತ್ತು. ಗೇಟಿನೊಳಗೆ ಬೆಕ್ಕಿನಂತೆ ನುಸುಳಿ, ಶರ್ಮಾಜಿಯ ಕಿಟಕಿಯ ಮುಂದೆ ವಿಜಯಿಯಂತೆ ಸಾಗಿ, ಕ್ರ್ಯಾಂಕಿನ ಬಗ್ಗೆ ಒಂದು ಉಪನ್ಯಾಸವನ್ನೇ ಸಿದ್ಧಪಡಿಸಿಕೊಂಡು ಎರಡನೆಯ ಮಹಡಿ ಹತ್ತಿದೆ. ನಾನು ಬರುವ ಹೊತ್ತಿಗೆ ಸರಿಯಾಗಿ ಹಾಲು ಉಕ್ಕಿ ಕಾಫಿ ಬೆರೆಯುವುದು ನಮ್ಮ ದಾಂಪತ್ಯದ ವಿಶೇಷವೆಂದು ನಾನು ಸಹೋದ್ಯೋಗಿಗಳ ಮುಂದೆ ಕೊಚ್ಚಿಕೊಳ್ಳುವುದುಂಟು. ಅಂದು ಒಲೆ ತಣ್ಣಗಿತ್ತು. ವಸುಧಾ ಶಾಲು ಹೊದ್ದು ಬಾಲ್ಕನಿಯಲ್ಲಿ ಫೋನು ಹಿಡಿದು, ಏನೂ ಕಾಣದ ಹೊಗೆಯೊಳಕ್ಕೆ ಬಗ್ಗಿ ನೋಡುತ್ತಿದ್ದಳು.

"ಅಯ್ಯೋ, ಯಾವಾಗ ಬಂದ್ರಿ? ಟಕ್ ಟಕ್ ಕೇಳಿಸ್ಲೇ ಇಲ್ವಲ್ರೀ!" ಎಂದವಳು ಕಣ್ಣೊರೆಸಿಕೊಂಡು ರೇಗಿದಳು. "ಈ ಹೊಗೇಲಿ ಗೇಟೇ ಕಾಣಲ್ಲ. ಆ ದರಿದ್ರ ಸದ್ದು ಕೇಳಿದ್ಮೇಲೇನೇ ನಾನು ಹಾಲಿಡ್ತಿದ್ದಿದ್ದು."

ಉಪನ್ಯಾಸವನ್ನು ನುಂಗಿಕೊಂಡೆ. ಇಷ್ಟು ದಿನ ನಾನು ಸಹಿಸಿಕೊಂಡ ಸದ್ದಿಗಾಗಿಯೇ ಅವಳು ಕಾಯುತ್ತಿದ್ದಳು.

ಈಗ ಗೇಟಿನ ಬಳಿ ನಾನು ಸೈಕಲ್ಲಿನ ಗಂಟೆ ಬಾರಿಸುತ್ತೇನೆ. ಎದುರಿಗೆ ನರಪಿಳ್ಳೆಯಿಲ್ಲದಿದ್ದರೂ ಯಾರಿಗಾಗಿ ಈ ನಾದಸೇವೆ ಎಂದು ಶರ್ಮಾಜಿ ಕೇಳುತ್ತಾರೆ. ಮೆಟ್ಟಿಲ ಬುಡದಲ್ಲಿ ಸೈಕಲ್ಲಿಗೆ ಬೀಗ ಹಾಕುತ್ತಿರುವಾಗ ಮೇಲಿನ ಅಡುಗೆಮನೆಯ ಕಿಟಕಿಯಿಂದ ಗ್ಯಾಸ್ ಲೈಟರಿನ ಸದ್ದು ಇಳಿದು ಬರುತ್ತದೆ: ಟಕ್, ಟಕ್, ಟಕ್. ಹಳೆಯ ಲೈಟರು, ಒಂದೇ ಏಟಿಗೆ ಹೊತ್ತಿಕೊಳ್ಳುವುದಿಲ್ಲ. ಅದನ್ನು ಬದಲಾಯಿಸುವ ವಿಚಾರವನ್ನು ಮುಂದಿನ ಆದೇಶದವರೆಗೆ ತಡೆಹಿಡಿದಿದ್ದೇನೆ.